ಊರಿಗೆ ಹೋಗುವುದೆಂದರೆ

ತಂದೆಯವರು ಮಗ್ಗದ ಕೆಲಸಕ್ಕೆಂದು ಹಿಂದೂಪುರದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಬಂದವರು. ಯುಗಾದಿ ಬಂತೆಂದರೆ ಮನೆಯಲ್ಲಿ ಒಂದೇ ಮಾತು: “ಊರಿಗೆ ಹೋಗಬೇಕು.” ಅಮ್ಮ ಟ್ರಂಕು ಇಳಿಸುವರು, ಅಜ್ಜಿಗೆ ಸೀರೆ, ನೆರೆಯವರಿಗೆ ಬೀಗದ ಕೈ. ಹೋದ ವರ್ಷ ಹಬ್ಬ ಮುಗಿಸಿ ಹಿಂದೂಪುರದಲ್ಲಿ ರೈಲು ಕಾಯುತ್ತಿದ್ದಾಗ ನಾನು, “ಅಬ್ಬ, ಇನ್ನು ಊರಿಗೆ ಹೋಗೋಣ” ಎಂದುಬಿಟ್ಟೆ. ತಂದೆಯವರ ಮುಖ ಬಾಡಿತು. ಮನೆ ಸೇರುವವರೆಗೂ ಅವರು ಮಾತಾಡಲಿಲ್ಲ.

ಆ ಮೌನ ಬಿ. ಎಲ್. ರೈಸ್ ಅವರ ವಿಷಯ ಓದುವಾಗ ನೆನಪಾಯಿತು. ಅವರ ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಮಗ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅಂಥ ಮನೆಗಳಲ್ಲಿ ರಜೆಗೆ ಸ್ವದೇಶಕ್ಕೆ ಹೊರಡುವುದು ಸಾಮಾನ್ಯವೇ? 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುನ್ನ, ಆಫ್ರಿಕವನ್ನು ಸುತ್ತುವ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ. ಚಳಿಗೆ ಬಟ್ಟೆ ಹೊಲಿಸಬೇಕು, ಶಾಲೆಯನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು, ಪೆಟ್ಟಿಗೆ ಕಟ್ಟಬೇಕು. ತಾಯ್ತಂದೆಯರಿಗೆ ಹಿಗ್ಗು. ಆಯಾಳ ಸೊಂಟದ ಮೇಲೆ ಬೆಳೆದ ಮಗುವಿಗೋ, ಆ ಸ್ವದೇಶವೇ ಪರದೇಶ! ಓದಿಗಾಗಿ ಮಕ್ಕಳನ್ನು ಅಲ್ಲೇ ಬಿಟ್ಟು ಮರಳುತ್ತಿದ್ದವರೂ ಉಂಟು.

ರೈಸ್ ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿಗೆ ಬಂದು ಮುಖ್ಯೋಪಾಧ್ಯಾಯರಾದರು. ಮುಂದೆ ಶಾಸನಗಳ ಬೆನ್ನು ಹತ್ತಿದರು. ನಮ್ಮ ತಾಲ್ಲೂಕಿನ ಶಾಸನಗಳು 1905ರ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿವೆ. ನಾನು ‘ನನ್ನೂರು’ ಎನ್ನುವ ನೆಲದ ಕಲ್ಲುಗಳನ್ನು ಓದಿಸಿದವರು ಅವರು. ನಾನೋ ಒಂದನ್ನೂ ನಿಂತು ನೋಡಿದವನಲ್ಲ. ಕೊನೆಗೆ ಅವರು ಇಂಗ್ಲೆಂಡಿಗೆ ಹೋಗಿ, 1927ರಲ್ಲಿ ಅಲ್ಲೇ ತೀರಿಕೊಂಡರು. ಅವರ ಊರು ಯಾವುದು?

ಹುಟ್ಟಿದ್ದಷ್ಟಕ್ಕೇ ಊರು ನಮ್ಮದಾಗದು. ಅದನ್ನು ಅರಿಯಲು ಪಟ್ಟ ಶ್ರಮದಿಂದ ಆದೀತು. ಈ ಯುಗಾದಿಗೆ ಟ್ರಂಕನ್ನು ನಾನೇ ಇಳಿಸುತ್ತೇನೆ. ರೈಲಿನಲ್ಲಿ ತಂದೆಯವರ ಪಕ್ಕ ಕುಳಿತು ಅವರ ಊರಿನ ಕಥೆ ಕೇಳುತ್ತೇನೆ.