ಮುಷ್ಟಿ ಬಾಯಿಗಿಟ್ಟ ಕೂಸು

ಸಂಜೆ ಆರೂವರೆ. ಬೆಂಗಳೂರು ಉಪ್ಪಾರಪೇಟೆಯ ಈ ಗಲ್ಲಿಯಲ್ಲಿ ಲಾಡ್ಜುಗಳ ಬೋರ್ಡುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿದ್ದ, ಈಗ ಬಸ್ ನಿಲ್ದಾಣವಿರುವ ಕಡೆಯಿಂದ ಬಸ್ಸುಗಳ ಹಾರನ್ನು ಎರಡನೇ ಮಹಡಿಯ ಮನೆಗೂ ಏರಿ ಬರುತ್ತದೆ. ಚಪ್ಪಲಿ ಬಾಗಿಲಲ್ಲೇ ಬಿಡಿ, ಕೈ ತೊಳೆದುಕೊಂಡು ಒಳಗೆ ಬನ್ನಿ. ಸೀರೆ ಕಟ್ಟಿದ ಜೋಲಿ ಖಾಲಿಯಿದೆ. ಕೂಸು ಅಜ್ಜಿಯ ತೊಡೆ ಮೇಲಿದೆ. ಅದಕ್ಕೀಗ ಮೂರೂವರೆ ತಿಂಗಳು.

ಮೊದಲು ಅದರ ಕೈ ನೋಡಿ. ಬಲಮುಷ್ಟಿ ಆ ಪುಟ್ಟ ಬಾಯಲ್ಲಿ ಹಿಡಿಸುವುದಿಲ್ಲ, ಆದರೂ ತುರುಕುತ್ತಿದೆ. ಬೆರಳ ಗೆಣ್ಣುಗಳನ್ನು ವಸಡಿನಲ್ಲೇ ಅಗಿಯುತ್ತಿದೆ. ಜೊಲ್ಲು ಮಣಿಕಟ್ಟು ದಾಟಿ ಮೊಣಕೈವರೆಗೆ ಇಳಿದಿದೆ. ಕತ್ತಿನ ಮಡಿಕೆಯಲ್ಲಿ ಚರ್ಮ ಕೆಂಪಾಗಿದೆ. ಕೈ ಬಾಯಿಂದ ಜಾರಿದ್ದೇ ತಡ, ರಚ್ಚೆ ಶುರು.

"ಹಲ್ಲು ಬರ್ತಿದೆ ಕಣೇ," ಅನ್ನುತ್ತಾರೆ ಅಜ್ಜಿ.

"ಇಷ್ಟು ಬೇಗನಾ ಅಮ್ಮಾ? ಹಸಿವೇನೋ. ನನ್ನ ಹಾಲು ಸಾಲ್ತಾ ಇಲ್ವೇನೋ." ಮಗಳ ದನಿ ಒದ್ದೆಯಾಗಿದೆ.

ಈ ಕೊನೆಯ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಗು ಕೈ ಚೀಪಿದರೆ ಸಾಕು, ನಮ್ಮ ಮನೆಗಳಲ್ಲಿ ತಾಯಿಯ ಹಾಲಿನ ಮೇಲೇ ಅನುಮಾನ. ಮಾರನೇ ದಿನ ಡಬ್ಬಿ ಹಾಲು ಮನೆಗೆ ಬಂದಿರುತ್ತದೆ. ಹಾಲು ಸಾಲುತ್ತಿದೆಯೇ ಅನ್ನುವುದನ್ನು ಒದ್ದೆ ಬಟ್ಟೆ ಮತ್ತು ತಕ್ಕಡಿ ಹೇಳಬೇಕು. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಸಾಲುತ್ತಿದೆ ಎಂದೇ ಅರ್ಥ. ಇಲ್ಲಿ ಬಾಲ್ಕನಿಯ ದಾರದ ತುಂಬ ಲಂಗೋಟಿಗಳು. 14ನೇ ವಾರದ ಲಸಿಕೆಗೆ ಹೋದಾಗ ಕಾರ್ಡಿನಲ್ಲಿ ಬರೆದ ತೂಕವೂ ಸರಿಯಾಗಿ ಏರಿದೆ.

ಹಾಗಾದರೆ ಈ ಕೈ? ಎಳೆಗೂಸು ಕೈ ಬಾಯಿಗಿಟ್ಟುಕೊಂಡು, ತಲೆ ಅತ್ತಿತ್ತ ಹೊರಳಿಸಿ ಎದೆ ಹುಡುಕಿದರೆ ಅದು ಹಸಿವು. ಅಳುವ ತನಕ ಕಾಯದೆ ಹಾಲು ಕುಡಿಸಬೇಕು. ಎರಡು ಮೂರು ತಿಂಗಳು ಕಳೆದ ಮೇಲೆ ಅದೇ ಕೈಗೆ ಬೇರೆ ಅರ್ಥಗಳೂ ಬರುತ್ತವೆ. ಅಲ್ಲಿವರೆಗೆ ಗಾಳಿಯಲ್ಲಿ ಬೀಸಾಡುತ್ತಿದ್ದ ಕೈಗಳು ಎದೆಯ ಮುಂದೆ ಕೂಡುತ್ತವೆ, ಕೂಡಿದ್ದು ಸೀದಾ ಬಾಯಿಗೆ ಹೋಗುತ್ತದೆ. ಈ ವಯಸ್ಸಿನಲ್ಲಿ ಏನನ್ನಾದರೂ ಅರಿಯುವುದು ಹೆಚ್ಚಾಗಿ ಬಾಯಿಂದಲೇ. ಜೊಲ್ಲು ಹೆಚ್ಚಾಗುವುದೂ ಇದೇ ಹೊತ್ತಿಗೆ, ಅಷ್ಟನ್ನೂ ನುಂಗಲು ಕೂಸಿಗೆ ಇನ್ನೂ ಬರುವುದಿಲ್ಲ. ಮೊದಲ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ, ಕೆಳಗಡೆ ಮುಂದೆ. ನಾಲ್ಕಕ್ಕೇ ಬಂದವೂ ಉಂಟು, ವರ್ಷ ಹಿಡಿದವೂ ಉಂಟು. ಅಜ್ಜಿ ತೊಳೆದ ಬೆರಳಿನಿಂದ ಕೆಳವಸಡು ಸವರುತ್ತಾರೆ. ನುಣ್ಣಗಿದೆ. ಊತವಿಲ್ಲ, ಬೆರಳಿಗೆ ಚೂಪಾದ್ದೇನೂ ತಾಗುವುದಿಲ್ಲ.

ಈಗ ಕಣ್ಣು ನೋಡಿ. ರೆಪ್ಪೆ ಕೆಂಪಗಾಗಿದೆ. ಮುಖವನ್ನು ಅಜ್ಜಿಯ ಸೆರಗಿಗೆ ಉಜ್ಜುತ್ತಿದೆ, ಕರೆದರೆ ಆ ಕಡೆ ತಿರುಗುತ್ತಿದೆ. ಟಿವಿ, ಟ್ಯೂಬ್‌ಲೈಟು, ಹಾರನ್ನು, ಜೊತೆಗೆ ಬಂದು ಕೂತ ನಾವು. ಕೂಸಿಗೆ ಎಲ್ಲವೂ ಅತಿಯಾಗಿದೆ.

"ಎಷ್ಟು ಹೊತ್ತಿಗೆ ಎದ್ದಿದ್ದಮ್ಮಾ?"

"ನಾಲ್ಕು ಗಂಟೆಗೆ."

ಎರಡೂವರೆ ಗಂಟೆಯಾಯಿತು. ಈ ವಯಸ್ಸಿನ ಬಹಳಷ್ಟು ಕೂಸುಗಳಿಗೆ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ ಎಚ್ಚರವಿದ್ದರೆ ಸಾಕಾಗಿಬಿಡುತ್ತದೆ. ನಿದ್ದೆ ಬೇಕು, ಮಾಡಲು ಆಗುತ್ತಿಲ್ಲ. ಅದಕ್ಕೇ ಮುಷ್ಟಿ ಬಾಯಿಗೆ. ತಾಯ ಹೊಟ್ಟೆಯಲ್ಲಿದ್ದಾಗಲೇ ಬೆರಳು ಚೀಪುವುದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. ತನ್ನನ್ನು ತಾನು ಸಂತೈಸಿಕೊಳ್ಳಲು ಕೂಸಿಗೆ ಗೊತ್ತಿರುವ ದಾರಿ ಅದು.

ಅಜ್ಜಿಯ ಕೈ ಗ್ರೈಪ್ ವಾಟರ್ ಬಾಟಲಿಯತ್ತ ಚಾಚುತ್ತದೆ. ಬೇಡ ಅಜ್ಜಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರು ಕೂಡ ಕೊಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷ ತುಂಬುವವರೆಗೆ ಜೇನೂ ಬೇಡ. ವಸಡು ಮರಗಟ್ಟಿಸುವ ಜೆಲ್ ಅಂತೂ ಬೇಡವೇ ಬೇಡ. ಮತ್ತೆ ಈ ಕೈಗೆ ಕಟ್ಟಿದ ಬಜೆ ಬೇರು. ಗ್ರಂಧಿಗೆ ಅಂಗಡಿಯಿಂದ ಅಕ್ಕರೆಯಿಂದ ತಂದು, ಕಪ್ಪುದಾರದಲ್ಲಿ ಪೋಣಿಸಿದ್ದು. ಜೊಲ್ಲಲ್ಲಿ ನೆನೆದು ಮೆತ್ತಗಾಗಿದೆ, ಒಂದು ತುದಿ ನಾರು ಬಿಟ್ಟಿದೆ. ಕೈ ಚೀಪುವ ಕೂಸಿನ ಹೊಟ್ಟೆಗೇ ಅದು ಹೋಗುತ್ತದೆ. ದಾರ ಕಿತ್ತರೆ ಗಂಟಲಿಗೆ. ಬಜೆಯಲ್ಲಿರುವ ಆಸರೋನ್ ಎಂಬ ಅಂಶಕ್ಕೆ ಹೆದರಿ ಅಮೆರಿಕ ಅದನ್ನು 1968ರಲ್ಲೇ ಆಹಾರದಿಂದ ಹೊರಗಿಟ್ಟಿತು. ಅಜ್ಜಿ ಒಂದು ಗಳಿಗೆ ನಮ್ಮ ಮುಖ ನೋಡಿ, ಹಲ್ಲಿನಲ್ಲಿ ಗಂಟು ಸಡಿಲಿಸಿ, ಬಜೆಯನ್ನು ದೇವರ ಗೂಡಿನಲ್ಲಿಡುತ್ತಾರೆ. ತಮ್ಮ ತಾಯಿಯಿಂದ ಕಲಿತದ್ದನ್ನು ಮೊಮ್ಮಗುವಿಗಾಗಿ ಬಿಟ್ಟ ಆ ಕೈಗೆ ನಾನು ನಮಸ್ಕಾರ ಹೇಳುತ್ತೇನೆ.

ಟಿವಿ ಆರಿಸಿದ್ದಾಯಿತು, ದೀಪ ಸಣ್ಣದಾಯಿತು. ಕತ್ತಿನ ಮಡಿಕೆ ಒರೆಸಿ, ಒಣ ಬಟ್ಟೆ ಹಾಕಿ, ತಾಯಿ ಹೆಗಲ ಮೇಲೆ ಹಾಕಿಕೊಂಡು ನಡೆದಾಡುತ್ತಾಳೆ. ಹತ್ತು ನಿಮಿಷಕ್ಕೆ ಮುಷ್ಟಿ ಬಿಚ್ಚಿಕೊಳ್ಳುತ್ತದೆ. ಚಪ್ಪಟೆ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಅಷ್ಟೇ.

ಎಲ್ಲ ಸಂಜೆಯೂ ಇಷ್ಟು ಸುಲಭವಲ್ಲ. ಆರನೇ ವಾರದ ಸುಮಾರಿಗೆ ಅಳು ಅತಿ ಹೆಚ್ಚಾಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ತಗ್ಗುತ್ತದೆ. ಆದರೆ ಜ್ವರವನ್ನೂ ಭೇದಿಯನ್ನೂ ಹಲ್ಲಿನ ಲೆಕ್ಕಕ್ಕೆ ಬರೆದು ಮನೆಯಲ್ಲಿ ಕೂರಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಮುಟ್ಟಿದರೆ, ಯಾವ ವಯಸ್ಸಿನ ಕೂಸಾದರೂ ಹಾಲು ಬಿಟ್ಟರೆ, ಉಚ್ಚೆ ಕಡಿಮೆಯಾದರೆ, ಹಸಿರು ವಾಂತಿ ಮಾಡಿದರೆ, ಬಳಲಿ ಜೋತುಬಿದ್ದರೆ, ಬೆಳಗಾಗಲಿ ಅನ್ನಬೇಡಿ. 1935ರಲ್ಲಿ ಶುರುವಾದ ವಾಣಿವಿಲಾಸ ಆಸ್ಪತ್ರೆ ಉಪ್ಪಾರಪೇಟೆಗೆ ದೂರವಲ್ಲ. ಆಟೋ ಹಿಡಿದು ಹೊರಡಿ.