ಸಂಶೋಧನ ಲೇಖನ ಮರಳಿ ಬರುವುದೇಕೆ?

ಸಂಶೋಧನ ಪತ್ರಿಕೆಯಿಂದ ಲೇಖನವು ತಿರಸ್ಕೃತವಾಗಿ ಮರಳಿದಾಗ ಬರೆದವರ ಮನಸ್ಸು ಮೊದಲು ಸಂಪಾದಕರ ಪಕ್ಷಪಾತವನ್ನು ಶಂಕಿಸುತ್ತದೆ. ಪಕ್ಷಪಾತವು ಇಲ್ಲವೇ ಇಲ್ಲವೆಂದು ಹೇಳಲಾಗದು. ಆದರೆ ಪರಿಶೀಲನೆಗಾಗಿ ನನ್ನ ಬಳಿಗೆ ಬಂದ ಲೇಖನಗಳನ್ನು ನೆನೆದರೆ, ಅವುಗಳ ಕೊರತೆ ಬಹುಮಟ್ಟಿಗೆ ಒಂದೇ: ವಿಷಯವಿದೆ, ಪ್ರಶ್ನೆಯಿಲ್ಲ.

‘ಪಂಪನ ಕಾವ್ಯಗಳಲ್ಲಿ ಜೈನಮೌಲ್ಯಗಳು’ ಎಂಬುದು ವಿಷಯ. ಅದರ ಕುರಿತು ಇಪ್ಪತ್ತು ಪುಟ ಬರೆದರೂ ಬಲ್ಲವರಿಗೆ ತಿಳಿದುದನ್ನೇ ಮರಳಿ ಹೇಳಿದಂತಾಗಬಹುದು. ಇದಕ್ಕೆ ಪ್ರತಿಯಾಗಿ ಕುರ್ಕ್ಯಾಲದ ಶಾಸನವನ್ನು ನೋಡೋಣ. ತೆಲಂಗಾಣದ ಕರೀಂನಗರ ಪ್ರದೇಶದ ಬಂಡೆಯೊಂದರ ಮೇಲೆ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಬರೆಯಿಸಿದ ಶಾಸನವದು. ಕವಿಯ ತಾಯಿ ಅಬ್ಬಣಬ್ಬೆಯ ಹೆಸರು ನಮಗೆ ದೊರೆತದ್ದು ಅದರಿಂದ. ಅಂಥ ಆಕರವನ್ನು ಮೊದಲ ಬಾರಿಗೆ ಓದಿ ಮುಂದಿಡುವ ಲೇಖನ ನಾಲ್ಕೇ ಪುಟದ್ದಾದರೂ ಸ್ವೀಕಾರಾರ್ಹ. ಹೊಸ ಆಕರವೇ ಬೇಕೆಂದೂ ಇಲ್ಲ. ತಿಳಿದ ಶಾಸನದ ಒಂದು ಪದದ ಪಾಠವನ್ನು ಅಕ್ಷರರೂಪದ ಆಧಾರದಿಂದ ತಿದ್ದಿದರೂ ಸಾಕು. ಆದರೆ ಇಂದು ಪಂಪನ ವಂಶವನ್ನು ಕುರಿತು ಬರೆಯುವವರು ಈ ಶಾಸನವನ್ನೇ ಗಮನಿಸದಿದ್ದರೆ, ಭಾಷೆ ಎಷ್ಟೇ ಸೊಗಸಾಗಿದ್ದರೂ ಲೇಖನ ನಿಲ್ಲದು.

ಈ ಕಟ್ಟುನಿಟ್ಟು ಪಶ್ಚಿಮದಿಂದ ಬಂದ ಆಚಾರವೆಂದು ಭಾವಿಸಬೇಕಿಲ್ಲ. ನಮ್ಮ ನ್ಯಾಯಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಮಂಡಿಸದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ಆಚಾರ್ಯ ವಿದ್ಯಾನಂದರು ‘ಅಷ್ಟಸಹಸ್ರೀ’ಯಲ್ಲಿ ಬೌದ್ಧ, ಮೀಮಾಂಸಕ ಮತಗಳನ್ನು ವಿಸ್ತಾರವಾಗಿ ಎತ್ತಿಕೊಂಡೇ ಉತ್ತರಿಸುತ್ತಾರೆ. ಹಿಂದಿನ ವಿದ್ವಾಂಸರನ್ನು ಹೆಸರಿಗಷ್ಟೇ ಅಡಿಟಿಪ್ಪಣಿಗೆ ಸೇರಿಸಿ ಮುಂದೆ ಸಾಗುವ ಲೇಖನವು ಪೂರ್ವಪಕ್ಷವಿಲ್ಲದ ವಾದ.

ತಿರಸ್ಕಾರಕ್ಕಿಂತ ನನಗೆ ಹೆಚ್ಚು ಆತಂಕ ತರುವುದು ಓದದೆ ನೀಡುವ ಸ್ವೀಕಾರ. 2010ರ ಯುಜಿಸಿ ನಿಯಮಗಳು ಪ್ರಕಟಣೆಗಳನ್ನು ಅಂಕಗಳಾಗಿಸಿ ಬಡ್ತಿಗೆ ಜೋಡಿಸಿದ ಮೇಲೆ, ಹಣ ಪಡೆದು ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳು ಹೆಚ್ಚಿದವು. 2018ರಲ್ಲಿ ಆಯೋಗವೇ ತನ್ನ ಪಟ್ಟಿಯಿಂದ 4,300ಕ್ಕೂ ಹೆಚ್ಚು ಪತ್ರಿಕೆಗಳನ್ನು ತೆಗೆದುಹಾಕಿತು. ಅನಂತರ ರೂಪಿಸಿದ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟು, ನಿರ್ಣಯವನ್ನು ಶಿಕ್ಷಣಸಂಸ್ಥೆಗಳಿಗೇ ವಹಿಸಿತು. ಈಗ ಹೊಣೆ ನಮ್ಮದು. ತಪ್ಪಾಗಿ ಓದಿದ ಶಾಸನದ ಸಾಲೊಂದು ಅಂಥ ಪತ್ರಿಕೆಯಲ್ಲಿ ಅಚ್ಚಾದರೆ, ಮುಂದಿನ ಪಿಎಚ್.ಡಿ. ಮಹಾಪ್ರಬಂಧಕ್ಕೆ ಅದೇ ಪ್ರಮಾಣವಾಗಿಬಿಡುತ್ತದೆ.

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ‘ಪ್ರಕಟಿಸಲಾಗದು’ ಎಂಬ ಒಂದೇ ಸಾಲಿನೊಂದಿಗೆ ಲೇಖನವನ್ನು ಮರಳಿಸಬೇಡಿ. ಯಾವ ಆಕರ ಬಿಟ್ಟುಹೋಗಿದೆ, ಯಾವ ವಾದ ನಿಲ್ಲುವುದಿಲ್ಲ ಎಂಬುದನ್ನು ಮೂರು ವಾಕ್ಯಗಳಲ್ಲಾದರೂ ತಿಳಿಸಿ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳೂ ಇಲ್ಲದ ಸಣ್ಣ ಊರಿನ ಕಾಲೇಜಿನ ತರುಣ ಅಧ್ಯಾಪಕರಿಗೆ ಅನೇಕ ವೇಳೆ ಅದಕ್ಕಿಂತ ಬೇರೆ ಮಾರ್ಗದರ್ಶನ ಇರುವುದಿಲ್ಲ.