ಹೊಳೆಯಾಚೆಯ ಮಿತ್ರ

1948ರ ಬೇಸಿಗೆ. ನೀವು ಹಂಪಸಾಗರದ ದಂಡೆಯ ಮೇಲೆ ನಿಂತಿದ್ದೀರಿ. ತುಂಗಭದ್ರೆ ಇಳಿದಿದ್ದಾಳೆ, ಬಂಡೆಗಳ ನಡುವೆ ಸೀಳು ಸೀಳಾಗಿ ಹರಿಯುತ್ತಿದ್ದಾಳೆ. ಅಣೆಕಟ್ಟಿನ ಕೆಲಸ ಕೆಳಗೆ ನಡೆದಿದೆ, ಹಿನ್ನೀರು ಇಲ್ಲಿಗಿನ್ನೂ ಮುಟ್ಟಿಲ್ಲ. ಈ ದಂಡೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ, ಸ್ವತಂತ್ರ ಭಾರತ. ಆ ದಂಡೆ ಕೊಪ್ಪಳ ಸೀಮೆ, ಹೈದರಾಬಾದಿನ ನಿಜಾಮರದು.

ಹರಿಗೋಲೊಂದು ಗಿರಗಿರ ತಿರುಗುತ್ತ ಈಚೆಗೆ ಬರುತ್ತಿದೆ. ಒಳಗೆ ಗಂಟುಮೂಟೆ, ಎರಡು ಮಕ್ಕಳು, ಒಬ್ಬ ಮುದುಕಿ. ದಂಡೆಯಲ್ಲಿದ್ದ ರೈತ ನೀರಿಗಿಳಿದು ಆಕೆಯ ರಟ್ಟೆ ಹಿಡಿಯುತ್ತಾನೆ.

'ಯಾವ ಊರು ಯವ್ವಾ? ಮನಿಯಾಗ ಯಾರನ್ನ ಬಿಟ್ಟು ಬಂದ್ರಿ?'

'ಯಾರನ್ನೂ ಬಿಟ್ಟಿಲ್ಲಪ್ಪ. ಬಿಡಾಕ ಏನೂ ಉಳಿಸಿಲ್ಲ ಅವರು.'

ಅವರು ಅಂದರೆ ರಜಾಕಾರರು, ನಿಜಾಮರ ಪರ ನಿಂತ ಕಾಸಿಂ ರಜ್ವಿಯ ಪಡೆ. ನಿಮಗೆ ಮುದುಕಿಯ ಮಾತು ಪೂರ್ತಿ ಅರ್ಥವಾಗುತ್ತದೆ. ಅದು ನಿಮ್ಮದೇ ಕನ್ನಡ. ಆಕೆಯ ತವರು ಈ ದಂಡೆಯಲ್ಲೇ ಇದ್ದೀತು. ಹೊಳೆ ದಾಟಿ ಹೆಣ್ಣು ಕೊಡುವುದು, ತರುವುದು ಇಲ್ಲಿ ತಲೆಮಾರುಗಳ ರೂಢಿ. ಹಾಗಿದ್ದೂ ಈ ದಂಡೆಯವರು 1937ರಲ್ಲಿ ಮದ್ರಾಸಿನ ಶಾಸನಸಭೆಗೆ ಮತ ಹಾಕಿದರು, ರಾಜಾಜಿಯ ಮಂತ್ರಿಮಂಡಲ ನೋಡಿದರು. ಮುಖ್ಯವಾಗಿ ಆಸ್ತಿ ಇದ್ದವರಿಗೇ ಮತವಿತ್ತು, ನಿಜ. ಆ ದಂಡೆಯಲ್ಲಿ ಮರುವರ್ಷವೇ ಸ್ಟೇಟ್ ಕಾಂಗ್ರೆಸ್ಸಿಗೆ ನಿಷೇಧ ಬಿತ್ತು. ಎರಡೂ ದಂಡೆಗಳ ಮೇಲೆ ಆಗ ಒಂದೇ ಲಂಡನ್ ಪಾರ್ಲಿಮೆಂಟಿನ ನೆರಳು. ಒಂದು ಕಡೆ ಸಭೆ, ಇನ್ನೊಂದು ಕಡೆ ಸರ್ವಾಧಿಕಾರಿ. ಯಾಕೆ?

ಉತ್ತರ ಬೇಕಾದರೆ ದಕ್ಷಿಣಕ್ಕೆ ನಡೆಯಿರಿ. ಬಂಡಿ ಜಾಡು ಹಿಡಿದು ಹಡಗಲಿ ದಾಟಿ ಹರಪನಹಳ್ಳಿಗೆ ಬನ್ನಿ, ಪಾಳೆಯಗಾರರು ಆಳಿದ ಊರಿಗೆ. ಈಗ ಇಸವಿ 1800, ಅಕ್ಟೋಬರ್. ಟಿಪ್ಪು ಬಿದ್ದು ವರ್ಷದ ಮೇಲಾಗಿದೆ. ಅವನ ವಿರುದ್ಧದ ಯುದ್ಧಗಳಲ್ಲಿ ಇಂಗ್ಲಿಷರ ಕಂಪನಿಗೆ ಜೊತೆ ಕೊಟ್ಟದ್ದಕ್ಕೆ ನಿಜಾಮನಿಗೆ ಪಾಲಾಗಿ ಬಂದ ನೆಲವಿದು. ಅದನ್ನೇ ಅವನು ಕಂಪನಿಗೆ ತಿರುಗಿ ಬಿಟ್ಟುಕೊಡುತ್ತಿದ್ದಾನೆ. ಬದಲಿಗೆ ಅವನಿಗೆ ಸಿಗುವುದು ಕಂಪನಿಯ ಸೈನ್ಯದ ಕಾವಲು. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಸೀಮೆಗಳು ಹೀಗೆ ಕೈ ಬದಲಾದವು, ದತ್ತ ಮಂಡಲವೆಂದು ಹೆಸರಾದವು. ಕೂಡ್ಲಿಗಿಯ ಬೆದ್ದಲು, ಕೊಟ್ಟೂರಿನ ಎರೆಭೂಮಿ, ಹಡಗಲಿಯ ಹೊಳೆದಂಡೆ, ಎಲ್ಲವೂ ಒಬ್ಬ ದೊರೆಯ ಗದ್ದುಗೆಯ ಕಾವಲಿಗೆ ಸಂದ ಬೆಲೆ. ರೈತನನ್ನು ಯಾರೂ ಕೇಳಲಿಲ್ಲ. ಕಲೆಕ್ಟರ್ ಥಾಮಸ್ ಮನ್ರೋ ಬಂದು ಪಾಳೆಯಗಾರರನ್ನು ಮಣಿಸಿ ಕಂದಾಯ ಗೊತ್ತುಮಾಡಿದ.

ಈ ವ್ಯವಹಾರ ಎರಡೂ ಕಡೆಗೆ ಹೇಗೆ ಒದಗಿತೆಂದು ತಿಳಿಯಲು 1858ರ ಜೂನ್ 1ಕ್ಕೆ ಬನ್ನಿ, ಕೊಪ್ಪಳದ ಕೋಟೆಯ ಕೆಳಗೆ. ಬಂಡೆದ್ದ ಮುಂಡರಗಿ ಭೀಮರಾವ್ ಕೋಟೆ ಹಿಡಿದಿದ್ದಾನೆ, ಜೊತೆಗೆ ಹಮ್ಮಿಗಿಯ ಕೆಂಚನಗೌಡ. ಕೋಟೆ ನಿಜಾಮನ ರಾಜ್ಯದ್ದು, ಗುಂಡು ಹಾರಿಸುತ್ತಿರುವ ಸೈನ್ಯ ಇಂಗ್ಲಿಷರದು. ಭೀಮರಾವ್ ಅಲ್ಲೇ ಬೀಳುತ್ತಾನೆ. ಹಿಂದಿನ ವರ್ಷ ಉತ್ತರ ಹಿಂದೂಸ್ತಾನ ಹೊತ್ತಿ ಉರಿದಾಗ ನಿಜಾಮ ಮತ್ತು ಅವನ ದಿವಾನ ಸಾಲಾರ್ ಜಂಗ್ ಇಂಗ್ಲಿಷರ ಕೈ ಬಿಟ್ಟಿರಲಿಲ್ಲ. ಹೈದರಾಬಾದೂ ತಿರುಗಿಬಿದ್ದಿದ್ದರೆ ದಕ್ಷಿಣವನ್ನು ಉಳಿಸಿಕೊಳ್ಳುವುದು ಇಂಗ್ಲಿಷರಿಗೆ ಕಷ್ಟವಿತ್ತು. 1860ರಲ್ಲಿ ಇನಾಮು ಬಂತು. 1853ರಲ್ಲಿ ಇಂಗ್ಲಿಷರು ವಹಿಸಿಕೊಂಡಿದ್ದ ರಾಯಚೂರು ದೋಆಬನ್ನು ನಿಜಾಮನಿಗೆ ಮರಳಿ ಕೊಟ್ಟರು, ಬಂಡೆದ್ದಿದ್ದ ಸುರಪುರವನ್ನೂ ಸೇರಿಸಿದರು, ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ ಮಾಡಿದರು. ಊರಿಗೆ ಊರೇ ಬಕ್ಷೀಸಿನಂತೆ ಕೈ ಬದಲಾಯಿತು.

ಮೊದಲ ಮಹಾಯುದ್ಧದಲ್ಲಿ ಆಗಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಇಂಗ್ಲಿಷರಿಗೆ ಕೈತುಂಬ ಹಣ ಕೊಟ್ಟರು. ವಾಯುಪಡೆಯ 110ನೇ ಸ್ಕ್ವಾಡ್ರನ್ನಿನ ವಿಮಾನಗಳು ಅವರ ಹಣದಿಂದಲೇ ಬಂದವು, ಅದಕ್ಕೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರು. 1918ರಲ್ಲಿ ಅವರಿಗೆ ಬ್ರಿಟಿಷ್ ಸರ್ಕಾರದ 'ಯಾರ್-ಇ-ವಫಾದಾರ್', ಅಂದರೆ ನಂಬುಗೆಯ ಮಿತ್ರ, ಎಂಬ ಬಿರುದು ದಕ್ಕಿತು. 1928ರಲ್ಲಿ ಬ್ರಿಟನ್ನಿನಲ್ಲಿ 21 ದಾಟಿದ ಹೆಂಗಸರಿಗೆಲ್ಲ ಗಂಡಸರ ಸಮಕ್ಕೆ ಮತ ಬಂತು. ಹಾಗೆ ಆರಿಸಿ ಬಂದ ಪಾರ್ಲಿಮೆಂಟೇ ಕೊಪ್ಪಳದ ಹೆಂಗಸಿಗೆ ಮತ ಬೇಡವೆಂದ ದೊರೆಯನ್ನು ಬೆನ್ನಿಗಿಟ್ಟುಕೊಂಡು ಕಾಯಿತು. ಅವರಿಗೆ ಅವನ ಮೇಲೆ ಹಿಡಿತವಿರಲಿಲ್ಲವೆಂದು ತಿಳಿಯಬೇಡಿ. ನಿಜಾಮರು ಬೇರಾರ್ ಪ್ರಾಂತ ವಾಪಸು ಕೇಳಿದಾಗ, 1926ರಲ್ಲಿ, ಸಾರ್ವಭೌಮತ್ವ ನಮ್ಮದೇ, ನಮ್ಮೊಡನೆ ಸರಿಸಮನಾಗಿ ಮಾತಾಡುವ ಹಕ್ಕು ನಿಮಗಿಲ್ಲ ಎಂಬ ಅರ್ಥದ ಕಾಗದವನ್ನು ವೈಸರಾಯ್ ರೀಡಿಂಗ್ ಬರೆದ. ತಮ್ಮ ಹಕ್ಕಿನ ವಿಷಯ ಬಂದಾಗ ಇಷ್ಟು ಗಟ್ಟಿ ದನಿ ಬರುತ್ತಿತ್ತು. ಪ್ರಜೆಗಳ ಹಕ್ಕಿಗಾಗಿ ಆ ದನಿ ಎತ್ತಲಿಲ್ಲ.

ನನಗೆ ಕಾಣುವ ಕಾರಣ ಇದು. ಪ್ರಜೆಗಳಿಗೆ ಉತ್ತರ ಹೇಳಬೇಕಾದ ಸರ್ಕಾರ ಸೈನ್ಯಕ್ಕೆ ಹಣ ಕೇಳಿದರೆ ಚರ್ಚೆ ಏಳುತ್ತದೆ, ಕಂದಾಯ ಏರಿಸಿದರೆ ಚುನಾವಣೆಯಲ್ಲಿ ಸೋಲುತ್ತದೆ. ಆಚೆ ದಂಡೆಯ ಒಬ್ಬನೇ ದೊರೆಯನ್ನು ಒಪ್ಪಿಸಿದರೆ ಹಣ, ಸೈನಿಕರು, ದಾರಿ ಎಲ್ಲವೂ ಒಂದೇ ಸಹಿಯಲ್ಲಿ ಸಿಗುತ್ತವೆ. ಅದರ ಖರ್ಚು ಬೀಳುವುದು ಹರಿಗೋಲಿನ ಮುದುಕಿಯ ಮೇಲೆ, ಆಕೆಯ ಮತ ಲಂಡನ್ನಿನ ಯಾವ ಪೆಟ್ಟಿಗೆಗೂ ಬೀಳುವುದಿಲ್ಲ. 1953ರಲ್ಲಿ ಇರಾನಿನ ಚುನಾಯಿತ ಪ್ರಧಾನಿ ಮೊಸಾದೆಕ್ ಅವರನ್ನು ಇಳಿಸಿ ಷಾನ ಕೈ ಬಲಪಡಿಸಿದಾಗ ಬ್ರಿಟನ್ನೂ ಅಮೆರಿಕವೂ ಇದೇ ಲೆಕ್ಕ ಹಾಕಿದವು. 1971ರಲ್ಲಿ ಢಾಕಾದಲ್ಲಿ ಹೆಣ ಬೀಳುತ್ತಿರುವಾಗ ನಿಕ್ಸನ್ ಪಾಕಿಸ್ತಾನದ ಸೇನಾ ಸರ್ವಾಧಿಕಾರಿ ಯಾಹ್ಯಾ ಖಾನನ ಜೊತೆ ನಿಂತದ್ದೂ ಹೀಗೆಯೇ. ಚೀನಾಕ್ಕೆ ಗುಟ್ಟಿನ ದಾರಿ ಯಾಹ್ಯಾನ ಮೂಲಕ ಹಾದಿತ್ತು.

ಮತ್ತೆ 1948ಕ್ಕೆ ಬನ್ನಿ, ಹೊಳೆಯ ಮೇಲ್ಭಾಗಕ್ಕೆ, ಮದಲಗಟ್ಟಿಯ ಆಂಜನೇಯನ ಗುಡಿಯ ಬಳಿಗೆ. ಇಲ್ಲಿ ದಾಟಿದರೆ ಕೊರ್ಲಹಳ್ಳಿ, ಮುಂದೆ ಮುಂಡರಗಿ, ಅದು ಮುಂಬಯಿ ಪ್ರಾಂತ. ಮುಂಡರಗಿಯ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಹುಡುಗರನ್ನು ಕಟ್ಟಿಕೊಂಡು ಗಡಿಯಾಚೆಯ ನಾಕೆಗಳ ಮೇಲೆ ಎರಗುತ್ತಿದ್ದಾರೆ. ಇಂಗ್ಲಿಷರು ಹೋಗಿ ವರ್ಷವಾಗುತ್ತ ಬಂದಿದೆ. ಹೋಗುವಾಗ ಅವರು ತಮ್ಮ ವಫಾದಾರ ಮಿತ್ರನನ್ನೂ ಒಂಟಿ ಬಿಟ್ಟು ಹೋದರು. ಜುಲೈನಲ್ಲಿ ಚರ್ಚಿಲ್ ಕಾಮನ್ಸ್ ಸಭೆಯಲ್ಲಿ ಹೈದರಾಬಾದಿನ ಪರ ಮಾತಾಡಿದ್ದಷ್ಟೇ ಉಳಿದದ್ದು.

ಸೆಪ್ಟೆಂಬರ್ 13ರ ಬೆಳಿಗ್ಗೆ ಭಾರತದ ಸೈನ್ಯ ಗಡಿ ದಾಟಿತು, 17ಕ್ಕೆ ನಿಜಾಮರು ಮಣಿದರು. ಸಂಭ್ರಮದ ಜೊತೆಗೇ ಹೇಳಬೇಕಾದ ನೋವಿನ ಮಾತೊಂದಿದೆ. ರಜಾಕಾರರ ಪಾಪಕ್ಕೆ ಅದನ್ನು ಮಾಡದ ಮುಸಲ್ಮಾನರು ಬೆಲೆ ತೆತ್ತರು. ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅಂದಾಜಿಸಿತು. ದೊರೆಯೊಬ್ಬನ ಗೆಳೆತನ ಮುರಿದು ಬಿದ್ದಾಗ ಅದರಡಿ ಸಿಕ್ಕವರು ಮತ್ತೆ ಬಡವರೇ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. ಅಲ್ಲಿ ನಿಂತು ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ಬರ್ಮಾದ ಪ್ರಜಾಪ್ರಭುತ್ವ ಹೋರಾಟಗಾರ್ತಿ ಆಂಗ್ ಸಾನ್ ಸೂ ಕಿ ಅವರಿಗೆ 1993ರ ನೆಹರೂ ಪ್ರಶಸ್ತಿ ಘೋಷಿಸಿದ ದೆಹಲಿಯೇ ಆ ದಶಕದಲ್ಲಿ ಅವರನ್ನು ಗೃಹಬಂಧನದಲ್ಲಿಟ್ಟ ಸೇನಾಧಿಕಾರಿಗಳ ಜೊತೆ ಕೈ ಕುಲುಕಿತು. ಈಶಾನ್ಯದ ಬಂಡುಕೋರರ ನೆಲೆಗಳು, ಚೀನಾದ ಹೆಜ್ಜೆ, ಗಡಿಯ ಕಾವಲು, ಕಾರಣಗಳು ಸುಳ್ಳಲ್ಲ. 1800ರಲ್ಲಿ ಕಂಪನಿಯ ಕಾರಣಗಳೂ ಸುಳ್ಳಾಗಿರಲಿಲ್ಲ.

ಮನೆಯೊಳಗೂ ಇದೇ ನಡೆಯಿತು. 1950ರ ಜನವರಿ 26ರಂದು ಗಣರಾಜ್ಯವಾದ ಭಾರತ ಹೈದರಾಬಾದ್ ರಾಜ್ಯಕ್ಕೆ ರಾಜಪ್ರಮುಖರನ್ನಾಗಿ ಮಾಡಿಕೊಂಡದ್ದು ಅದೇ ಮೀರ್ ಉಸ್ಮಾನ್ ಅಲಿ ಖಾನರನ್ನು. ಅವರು 1956ರ ಅಕ್ಟೋಬರ್ ಕೊನೆಯವರೆಗೂ ಆ ಗಾದಿಯಲ್ಲಿದ್ದರು. ನಡುವೆ ಮೊದಲ ಮಹಾಚುನಾವಣೆ ಬಂತು. ಆಸ್ತಿ ಇಲ್ಲದವರೂ ಹೆಂಗಸರೂ ಸಾಲಾಗಿ ನಿಂತು ಮತ ಹಾಕಿದರು. ಕುಷ್ಟಗಿ ಕ್ಷೇತ್ರದಿಂದ ಆ ಜನ ಲೋಕಸಭೆಗೆ ಕಳಿಸಿದ್ದು ಯಾವ ಪಕ್ಷಕ್ಕೂ ಸೇರದ ಅಭ್ಯರ್ಥಿಯನ್ನು, ಮುಂಡರಗಿ ಶಿಬಿರದ ಅಳವಂಡಿ ಶಿವಮೂರ್ತಿಸ್ವಾಮಿಗಳನ್ನು.